ಮಂಗಳಾರತಿ ಕಂಡ ಎರಡು ಚಿಪ್

ಮಿಕ್ಸಿ ಬರಲಿ, ಪಂಪ್‌ಸೆಟ್ ಬರಲಿ, ಒಂದು ಮಂಗಳಾರತಿ ಎತ್ತದೆ ಹೊಸ ಸಾಮಾನು ಮುಟ್ಟಿದವಳೇ ಅಲ್ಲ ಮಿರ್ಲೆಯ ಸಿದ್ದಲಿಂಗಮ್ಮ. ಅಂಥವಳು ಮಗಳು ಬೃಂದಾ ಮೈಸೂರಿನ ಲ್ಯಾಬಿನಿಂದ ತಂದ ಡಬ್ಬಿಯನ್ನು ಸುಮ್ಮನೆ ಬಿಟ್ಟಾಳೆಯೇ? ಶುಕ್ರವಾರ ಬೆಳಗ್ಗೆ ಬೃಂದಾ ಸ್ನಾನಕ್ಕೆ ಹೋದದ್ದೇ ತಡ, ಮುಚ್ಚಳ ತೆಗೆದು, ಒಳಗಿದ್ದ ಎರಡು ಚಿಪ್‌ಗಳನ್ನು ತಟ್ಟೆಯಲ್ಲಿಟ್ಟು, ಕರ್ಪೂರ ಹಚ್ಚಿ ಮೂರು ಸುತ್ತು ಎತ್ತಿಯೇ ಬಿಟ್ಟಳು.

ತಲೆ ಒರೆಸಿಕೊಳ್ಳುತ್ತಾ ಬಂದ ಬೃಂದಾ ತಟ್ಟೆಯತ್ತ ಓಡಿದಳು. "ಅಯ್ಯೋ ಅವ್ವ! ಬೆಳಕು ಸೋಕಬಾರ್ದು ಅಂದಿರ್ಲಿಲ್ವಾ?"

"ಬಿಸ್ಲಿಗೆ ಇಕ್ಬಾರ್ದು ಅಂತ ತಿಳ್ಕಂಡೆ ಕಣವ್ವ. ದೇವ್ರ ದೀಪ ಏನ್ ಮಾಡ್ತದೆ?"

ಏನು ಮಾಡುತ್ತದೆಯೇ? ಅವು ಮೆಮ್ರಿಸ್ಟರ್ ಚಿಪ್‌ಗಳು. ಕಂಡ ಬೆಳಕನ್ನು ನಮ್ಮ ಮೆದುಳಿನ ಹಾಗೆ ನೆನಪಿಟ್ಟುಕೊಂಡು ನಿಧಾನಕ್ಕೆ ಮರೆಯುತ್ತವೆ. ಲ್ಯಾಬಿನಲ್ಲಿ ತೋರಿಸಿದ ಬೆಳಕನ್ನು ನಾಲ್ಕು ದಿನದ ಕತ್ತಲಲ್ಲಿ ಎಷ್ಟು ಮರೆತವು ಎಂದು ಸೋಮವಾರ ಪರೀಕ್ಷಕರೆದುರು ಅಳೆದು ತೋರಿಸಬೇಕಿತ್ತು. ಲ್ಯಾಬಿನಲ್ಲಿ ಕರೆಂಟ್ ರಿಪೇರಿ ನಡೆದಿದ್ದರಿಂದ ಊರಿಗೆ ತಂದಿದ್ದಳು. ಈಗ ನಾಲ್ಕು ವರ್ಷದ ಸಂಶೋಧನೆ ನೀರಿನಲ್ಲಿ ಹೋಮ.

ಮಾಡಿಟ್ಟ ರೊಟ್ಟಿಯನ್ನು ಬೃಂದಾ ಮುಟ್ಟಲಿಲ್ಲ, ಸಿದ್ದಲಿಂಗಮ್ಮನೂ ಮುಟ್ಟಲಿಲ್ಲ.

ಮಧ್ಯಾಹ್ನ ಬೃಂದಾ, ಎಷ್ಟು ಕೆಟ್ಟಿದೆ ನೋಡೋಣವೆಂದು ಚಿಪ್‌ಗಳನ್ನು ಲ್ಯಾಪ್‌ಟಾಪಿಗೆ ಜೋಡಿಸಿದಳು. ಪರದೆ ನೋಡಿದವಳೇ ಇನ್ನೊಮ್ಮೆ ಅಳೆದಳು. ಒಂದೇ ತಟ್ಟೆಯಲ್ಲಿ ಕೂತು ಒಂದೇ ಆರತಿ ಕಂಡವು, ನೆನಪಿಟ್ಟುಕೊಂಡದ್ದು ಮಾತ್ರ ಬೇರೆ ಬೇರೆ ತರ!

"ಅವ್ವ, ಇನ್ನೊಂದ್ಸಲ ಎತ್ತು."

"ಇನ್ ನಾನು ಮುಟ್ಟಾಕಿಲ್ಲ ಕಣ, ಬುಡು."

"ಎತ್ತವ್ವ ಅಂದ್ರೆ!"

ಹಳೆಯ ನೆನಪು ಅಳಿಸುವುದು, ಆರತಿ ಎತ್ತುವುದು, ಅಳೆಯುವುದು. ಸಿದ್ದಲಿಂಗಮ್ಮ ಐದು ಸಲ ಎತ್ತಿದಳು. ಐದು ಸಲವೂ ಒಂದೊಂದು ಚಿಪ್ ತನ್ನ ಮೊದಲಿನ ಉತ್ತರವನ್ನೇ ಕೊಟ್ಟಿತು. ಒಂದರ ಉತ್ತರ ಇನ್ನೊಂದರದನ್ನು ಒಮ್ಮೆಯೂ ಹೋಲಲಿಲ್ಲ.

"ಅಂಗಾದ್ರೆ ನಾನ್ ಕೆಡಿಸ್ಲಿಲ್ವಾ?"

"ಕೆಡಿಸ್ದೆ. ಮರೆವು ಅಳೆಯೋ ಕೆಲ್ಸ ಮತ್ತೆ ಮೊದ್ಲಿಂದ ಮಾಡ್ಬೇಕು. ಆದ್ರೆ ನಮ್ಮ ಬೆರಳಚ್ಚಿನ ಹಾಗೆ ಒಂದೊಂದು ಚಿಪ್‌ಗೂ ಅದರದ್ದೇ ಉತ್ತರ, ಇನ್ನೊಂದು ಚಿಪ್ ಅದನ್ನ ಕೊಡಕ್ಕಾಗಲ್ಲ. ಕಳ್ಳ ಕೀ ಮಾಡ್ಸಕ್ಕಾಗದ ಬೀಗ ಇದು ಕಣವ್ವ. ಲ್ಯಾಬಿನಾಚೆ, ಮನೆ ಬೆಳಕಲ್ಲಿ ತೋರ್ಸು ಅಂತ ನಮ್ಮ ಗೈಡು ವರ್ಷದಿಂದ ಕೇಳ್ತಿದ್ರು."

ಫೋನಿನಲ್ಲಿ ಗೈಡು ನಕ್ಕುಬಿಟ್ಟರು. ಸೋಮವಾರ ಇದನ್ನೇ ತೋರಿಸು, ನಡೆದದ್ದು ನಡೆದ ಹಾಗೇ ಬರೆ ಎಂದರು.

ಬೃಂದಾ ಬರೆಯುತ್ತಾ ಗಟ್ಟಿಯಾಗಿ ಓದಿದಳು: "ಬೆಳಕು, ಕರ್ಪೂರದ ಆರತಿ. ಎತ್ತಿದವರು, ಸಿದ್ದಲಿಂಗಮ್ಮ, ಮಿರ್ಲೆ."

"ಥೂ, ನನ್ನೆಸ್ರು ಯಾಕವ್ವ ಅದ್ರಲ್ಲಿ? ಅಳಿಸ್ಬುಡು," ಎಂದ ಸಿದ್ದಲಿಂಗಮ್ಮ, ಅದು ಎಲ್ಲಿದೆಯೆಂದು ನೋಡಲು ಕನ್ನಡಕ ಹುಡುಕುತ್ತಾ ಎದ್ದಳು.