ಅತ್ತಿಗೆ ಕಂಡರೆ ಇಳಿಯುವ ಚೆಲುವರಾಜು

ಚೆಲುವರಾಜು ಸೈಕಲಿನಿಂದ ಇಳಿಯುವುದನ್ನು ನೋಡದವರು ಅವನನ್ನು ಅರ್ಧ ಮಾತ್ರ ಬಲ್ಲವರು. ಹಿರಿಯರು ಎದುರಾದರೆ ಸಾಕು, ಇನ್ನೂ ಹತ್ತು ಮಾರು ದೂರವಿರುವಾಗಲೇ ಬಲಗಾಲನ್ನು ಸೀಟಿನ ಹಿಂದಿನಿಂದ ಎತ್ತಿ ತಂದು, ಎಡ ಪೆಡಲಿನ ಮೇಲೆ ಒಂಟಿಗಾಲಲ್ಲಿ ನಿಂತು ತೇಲಿ ಬಂದು, ಸದ್ದಿಲ್ಲದೆ ನೆಲ ಮುಟ್ಟಿ, ಸೈಕಲನ್ನು ತಳ್ಳಿಕೊಂಡೇ ಅವರನ್ನು ದಾಟಿ ಮತ್ತೆ ಏರುತ್ತಾನೆ. ನಮ್ಮ ಹಿಂದಿನವರು ಗುಂಡ್ಲುಪೇಟೆ ಸೀಮೆಯಿಂದ ವಯನಾಡಿಗೆ ಹೊತ್ತು ತಂದ ರೂಢಿಗಳಲ್ಲಿ ಹೆಚ್ಚಿನವು ಸವೆದುಹೋಗಿವೆ. ಇದೊಂದನ್ನು ಐವತ್ತೆರಡರ ಈ ಮನುಷ್ಯ ಒಬ್ಬನೇ ಕಾಪಾಡಿಕೊಂಡು ಬಂದಿದ್ದಾನೆ.

ಬೇಸಿಗೆಯಲ್ಲೂ ತೋಳಿಲ್ಲದ ಬೂದು ಸ್ವೆಟರು, ಮುಂದಕ್ಕೆ ಬಾಗಿದ ನಡಿಗೆ, ಪ್ರತಿ ವಾಕ್ಯದ ಮೊದಲಿಗೆ 'ಅದಿರ್ಲಿ' ಎಂಬ ಮಾತು. ಹತ್ತನೆಯ ತರಗತಿಯ ಪರೀಕ್ಷೆಯ ನಡುವೆಯೇ ಅಣ್ಣ ತೀರಿಕೊಂಡಾಗ, ಉಳಿದ ಪರೀಕ್ಷೆ ಬಿಟ್ಟು ಅತ್ತಿಗೆ ನಾಗರತ್ನಮ್ಮನ ಜೊತೆ ಕಾಟ್ಟಿಕುಳಂ ಪೇಟೆಯ ದಿನಸಿ ಅಂಗಡಿಯಲ್ಲಿ ಕುಳಿತವನು ಇಂದಿಗೂ ಎದ್ದಿಲ್ಲ. ನಲವತ್ತೈದು ದಾಟಿದ ಮೇಲೆ ಸೈಕಲಿನ ಹುಚ್ಚು ಹಿಡಿಯಿತು. ಮಾನಂದವಾಡಿಯ ಸೈಕಲ್ ಕೂಟದವರು ವರ್ಷಕ್ಕೊಮ್ಮೆ ನಡೆಸುವ ನೂರೈವತ್ತು ಕಿಲೋಮೀಟರಿನ ಸವಾರಿಯನ್ನು ಹತ್ತು ಗಂಟೆಯೊಳಗೆ ಮುಗಿಸಬೇಕೆಂಬುದು ಅವನ ಹಟ. ಎರಡು ಸಲ ಐದಾರು ನಿಮಿಷಗಳಲ್ಲಿ ತಪ್ಪಿತ್ತು. ದಾರಿಯುದ್ದಕ್ಕೂ ಕಂಡಕಂಡವರಿಗೆ ಇಳಿದರೆ ಇನ್ನೇನಾದೀತು ಎಂದು ನಾನು ರೇಗಿದ್ದೆ.

"ಅದಿರ್ಲಿ ಮಾರಾಯ. ಇಷ್ಟು ವರ್ಸಕ್ಕೆ ನಾನು ಹಿಡಿದು ಮುಗಿಸಿದ್ದು ಅಂತ ಒಂದಾದ್ರೂ ಬೇಡ್ವಾ?" ಎಂದಿದ್ದ.

ಮೂರನೆಯ ಸಲಕ್ಕೆ ಕ್ಲೀಟ್ ಶೂ ಕೊಳ್ಳುವುದೆಂದು ತೀರ್ಮಾನವಾಗಿ ಇಬ್ಬರೂ ಮೀನಂಗಡಿ ಎಂಬ ಊರಿನ ಸೈಕಲ್ ಅಂಗಡಿಗೆ ಹೋದೆವು. ಅದರ ಅಟ್ಟೆಯಡಿಯ ಲೋಹದ ತುಂಡು ಪೆಡಲನ್ನು ಕಚ್ಚಿ ಹಿಡಿಯುತ್ತದೆ; ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೆ ಬಿಡುತ್ತದೆ. ಅಂಗಡಿಯ ಶ್ರೀಜಿತ್ ನುಣುಪು ಅಟ್ಟೆಯ, ಗರಿಯಷ್ಟು ಹಗುರಾದ ಜೋಡಿಯೊಂದನ್ನು ಮುಂದಿಟ್ಟ.

"ಚೇಟ್ಟಾ, ಸ್ಪೀಡ್ ಬೇಕು ಅಂದ್ರೆ ಇದು ಮತಿ, ಇದೇ ಸಾಕು" ಎಂದ, ಮಲಯಾಳ ಬೆರೆಸಿ.

"ಅದಿರ್ಲಿ ಮೋನೆ, ಕಾಲು ಎಷ್ಟು ಬೇಗ ಈಚೆ ಬತ್ತದ? ಇದ ಹಾಕ್ಕೊಂಡು ನಡೀಬೋದಾ?"

ಆ ಜೋಡಿಯಲ್ಲಿ ನಡೆದರೆ ಬಾತುಕೋಳಿಯೇ. ಕೊನೆಗೆ ತುಂಡು ಒಳಗೆ ಹುದುಗಿರುವ, ಹಲ್ಲಿನ ಅಟ್ಟೆಯ, ಭಾರದ ಜೋಡಿಯನ್ನೇ ಆರಿಸಿದ. ಪೆಡಲಿನ ಬಿಗಿಯನ್ನು ಪೂರ್ತಿ ಸಡಿಲಿಸಲು ಹೇಳಿ, ಗೋಡೆ ಹಿಡಿದು ಮೂವತ್ತು ಬಾರಿಯಾದರೂ ಕಾಲು ಬಿಡಿಸಿ ನೋಡಿದ. ವೇಗಕ್ಕೆಂದು ಬಂದವನು ಇಳಿಯುವ ಅನುಕೂಲವನ್ನು ಕೊಂಡು ಹೊರಟಿದ್ದ.

ಮರುದಿನ ಬೆಳಿಗ್ಗೆ ಅತ್ತಿಗೆ ಅಂಗಡಿಯ ಮುಂದೆ ಕಾಳುಮೆಣಸು ಹರವುತ್ತಿದ್ದರು. ದೂರದಿಂದ ಕಂಡವನೇ ಬಲಗಾಲು ಬಿಡಿಸಿ, ರೂಢಿಯಂತೆ ಎಡ ಪೆಡಲಿನ ಮೇಲೆ ನಿಂತು ತೇಲಿ ಬಂದ. ಎಡಗಾಲೂ ಸೆರೆಯಲ್ಲಿದೆಯೆಂಬುದು ನೆನಪಾಗುವಷ್ಟರಲ್ಲಿ ಸೈಕಲ್ ಸಮೇತ ಮೆಣಸಿನ ಚಾಪೆಯ ಮೇಲಿದ್ದ.

"ಕಾಲ ಕಟ್ಟಾಕ್ಕೊಂಡು ಯಾರಿಗಪ್ಪ ಮರ್ವಾದಿ ಕೊಡಾಕೆ ಬಂದೆ?" ಎಂದರು ನಾಗರತ್ನಮ್ಮ, ಅವನ ಮೊಣಕೈಗೆ ಅಂಟಿದ ಕಾಳು ಬಿಡಿಸುತ್ತ.

ಸವಾರಿಯ ದಿನ ಮಧ್ಯಾಹ್ನ ನಾನು ಆ ಅಂಗಡಿಯಲ್ಲಿದ್ದೆ. ಜಿಲ್ಲೆಯನ್ನು ಸುತ್ತಿ ಬಂದವರು ಕಾಟ್ಟಿಕುಳಂ ದಾಟಿ, ಇನ್ನು ಹತ್ತು ಕಿಲೋಮೀಟರು ತುಳಿದರೆ ಮುಗಿಯಿತು. ನಾಲ್ಕು ಗಂಟೆಯೊಳಗೆ ಮಾನಂದವಾಡಿ ಸೇರಬೇಕಾದವನು ಮೂರೂವರೆಗೆ ತಿರುವಿನಲ್ಲಿ ಕಾಣಿಸಿಕೊಂಡ. ಬೆವರಿಗೆ ಸ್ವೆಟರು ಕಪ್ಪಾಗಿತ್ತು. ಗಲ್ಲಾದ ಮೇಲಿದ್ದ ನಾಗರತ್ನಮ್ಮ ಥಟ್ಟನೆ ಎದ್ದು, ರಸ್ತೆಗೆ ಬೆನ್ನು ಮಾಡಿ, ಬೇಳೆಯ ಡಬ್ಬಿಗಳ ಕಡೆ ಮುಖವಿಟ್ಟು ನಿಂತುಬಿಟ್ಟರು. ತನ್ನನ್ನು ಕಾಣದ ಹಿರಿಯರಿಗೆ ಇಳಿಯಬೇಕಿಲ್ಲವಲ್ಲ.

ಅವನಿಗೆ ಬೆನ್ನು ಕಂಡಿತು. ವೇಗ ತಗ್ಗಿತು, ಹಿಮ್ಮಡಿ ತಿರುಚಿ ಕಾಲು ಬಿಡಿಸಿಕೊಂಡ ಸದ್ದೂ ನನಗೆ ಕೇಳಿಸಿತು. ಕಾಲು ಗಾಳಿಯಲ್ಲಿ ಗಳಿಗೆ ಹೊತ್ತು ತೂಗಿತು. ಆಮೇಲೆ ಮತ್ತೆ 'ಕಟಕ್' ಎಂದಿತು ಪೆಡಲು.

"ಹೋದ್ನಾ?" ಎಂದರು ಅವರು, ತಿರುಗದೆಯೇ. ಹೋದ ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಬೇಳೆಯ ಧೂಳಿನ ತಲೆಗೆ ಕಟ್ಟಿದರು.

ನಾಲ್ಕು ನಿಮಿಷ ಉಳಿಸಿ ಮುಗಿಸಿದ್ದ. ಸಂಜೆ ಪೇಟೆಯ ಆ ಕೊನೆಯಿಂದಲೇ ಸೈಕಲ್ ತಳ್ಳಿಕೊಂಡು ಬಂದವನು ಕೂಟದವರು ಕೊಟ್ಟ ಪದಕವನ್ನು ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ.

"ಅದಿರ್ಲಿ ಅತ್ತಿಗೆ, ಇನ್ಯಾವತ್ತೂ ನನಗೆ ಹಂಗೆ ಬೆನ್ನು ತೋರಿಸ್ಬ್ಯಾಡಿ" ಎಂದ.

"ಪರೀಕ್ಸೆ ಬುಡಿಸಿದೋಳು ನಾನು ಕನಪ್ಪ. ಇದನ್ನೂ ಬುಡಿಸ್ಲಾ?" ಎಂದರು ಅವರು.

ತಲೆಬಾಗುವುದನ್ನು ಬಿಟ್ಟರೆ ಗೆದ್ದೀರಿ ಎಂದು ಇಂಥವರಿಗೆ ಬುದ್ಧಿ ಹೇಳುವುದು ನಮ್ಮಂಥವರಿಗೆ ಸುಲಭ. ಅವರು ಕೇಳುವವರಲ್ಲ. ಯಾರ ಮುಂದೆ ಅವರು ಜೀವಮಾನವಿಡೀ ಬಾಗಿದರೋ ಆ ಹಿರಿಯರೇ ಒಂದು ದಿನ ತಮಗೆ ಸಲ್ಲಬೇಕಾದ ಮರ್ಯಾದೆಯನ್ನು ಬಿಟ್ಟುಕೊಟ್ಟು ಮುಖ ತಿರುಗಿಸಿ ನಿಂತಾಗ, ಇಂಥವರು ಗೆಲ್ಲುತ್ತಾರೆ. ಮತ್ತು ಆ ಗೆಲುವನ್ನು ಯಾರಿಗೂ ತೋರಿಸಲಾರದೆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ.