ಆರಿಸಿದ ಒಲೆ

ಮೀಸೆ ಸಾಹೇಬರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೆ ಬಂದರೆ ಆ ಮನೆಯಲ್ಲಿ ಒಬ್ಬರು ಕಮ್ಮಿಯಾದರು ಅಂತಲೇ ಅರ್ಥ. ಇದು ನಮ್ಮ ಪೊಲೀಸ್ ಕ್ವಾರ್ಟರ್ಸಿನ ಮಕ್ಕಳಿಗೂ ಗೊತ್ತು. ಅಪಘಾತವೋ, ನೀರಿಗೆ ಬಿದ್ದದ್ದೋ, ಸ್ಟೇಷನ್ನಿಗೆ ಸಾವಿನ ಸುದ್ದಿ ಬಂದರೆ ಮನೆಯವರಿಗೆ ಹೇಳುವ ಕೆಲಸ ಅವರದೇ. ಫೋನಿನಲ್ಲಿ ಹೇಳಕೂಡದು ಅಂತ ಅವರದೊಂದು ಹಟ. ಜೀಪನ್ನು ನಾಲ್ಕು ಮನೆ ಆಚೆಗೇ ನಿಲ್ಲಿಸಬೇಕು, ಟೋಪಿ ತೆಗೆಯಬೇಕು, "ಮನೇಲಿ ಇನ್ಯಾರಿದ್ದಾರಮ್ಮಾ?" ಅಂತ ಕೇಳಬೇಕು, "ಸ್ವಲ್ಪ ಕೂತ್ಕೊಳ್ಳಿ" ಅನ್ನಬೇಕು. ಆಮೇಲೆ ಸುದ್ದಿ.

ಆ ಜೀಪು ಓಡಿಸುತ್ತಿದ್ದವರು ನನ್ನ ಗಂಡ. ಸಾಹೇಬರು ಹೇಳಿ ಮುಗಿಸಿದ ಮೇಲೆ ಇವರ ಕೆಲಸ ಶುರು. ಸೀದಾ ಅಡುಗೆಮನೆಗೆ ಹೋಗಿ ಒಲೆ ಆರಿಸುವುದು. "ಸುದ್ದಿ ಕೇಳಿದೋರು ಒಲೆ ಆರ್ಸಲ್ಲ ಕಣೇ," ಅಂತ ಊಟಕ್ಕೆ ಕೂತಾಗ ಹೇಳುತ್ತಿದ್ದರು. "ಇಷ್ಟು ವರ್ಷದಲ್ಲಿ ಒಬ್ರೇ ಒಬ್ರು ಆರ್ಸಿದ್ದು ನೋಡಿಲ್ಲ. ಪಾಪ, ಅದು ಉರೀತಾನೇ ಇರತ್ತೆ. ಅನ್ನ ಸೀದು ವಾಸನೆ ಬಂದ್ರೂ ಗೊತ್ತಾಗಲ್ಲ." ನಾನು, "ಊಟದ ಹೊತ್ತಿಗೆ ಬೇರೆ ಮಾತೇ ಸಿಗಲ್ವಾ ನಿಮಗೆ?" ಅಂತ ಬೈದು ಇನ್ನೊಂದು ಸೌಟು ಬಡಿಸುತ್ತಿದ್ದೆ.

ಇಂಥ ಮನುಷ್ಯನ ಕರುಳಿಗೆ ಕ್ಯಾನ್ಸರ್ ಬಂತು. ಆಪರೇಷನ್ ಮಾಡಿ, ಹೊಟ್ಟೆಯ ಮೇಲೊಂದು ತೂತು ಮಾಡಿ, ಅದಕ್ಕೆ ಚೀಲ ಅಂಟಿಸಿದರು. ಇನ್ನು ಮಲವೆಲ್ಲ ಆ ಚೀಲಕ್ಕೇ. ತುಂಬಿದಾಗಲೆಲ್ಲ ಖಾಲಿ ಮಾಡಬೇಕು, ಸುತ್ತಲಿನ ಚರ್ಮ ತೊಳೆದು ಒರೆಸಿ ಹೊಸದು ಅಂಟಿಸಬೇಕು. ಅದನ್ನು ನಾನಲ್ಲದೆ ಯಾರೂ ನೋಡಕೂಡದು ಅಂತ ಇವರ ಹಟ. ನರ್ಸ್ ಬಂದರೂ ಮುಖ ಗಂಟು. ಸ್ಟೇಷನ್ನಿನವರಂತೂ ವಾರ್ಡಿನ ಬಾಗಿಲು ದಾಟುವಂತಿಲ್ಲ. "ಕಂಡೋರ ಹೆಣ ಎತ್ತಿದ ಕೈ ಇದು. ಈಗ ಅವ್ರೆಲ್ಲ ಬಂದು ನನ್ನ ಹೇಲು ಬಳೀಬೇಕಾ?" ಅಂದರು ಒಂದು ದಿನ. ಜೀವ ಹೋದರೂ ಸರಿ, ಮಾನ ಹೋಗಬಾರದು ಅನ್ನುವವರ ಪೈಕಿ. ನಮಗೆ ಮಕ್ಕಳಿಲ್ಲ, ಸರದಿಗೆ ಇನ್ನೊಬ್ಬರೂ ಇಲ್ಲ. ಅವರ ಮಾನ ಕಾಯುತ್ತಾ ನಾನು ವಾರ್ಡಿನ ನೆಲದ ಮೇಲೆ ಮಲಗಿ ತಿಂಗಳುಗಳೇ ಆದವು. ಮಲಗಿ ಅನ್ನುವುದು ಬರೀ ಮಾತಿಗೆ.

ಹೋದ ವಾರ ಒಂದು ಬೆಳಿಗ್ಗೆ ಪಕ್ಕದ ಹಾಸಿಗೆಯವರ ಮಗಳಿಗೆ "ಒಂದು ಕಣ್ಣಿಟ್ಟಿರಮ್ಮಾ" ಅಂತ ಹೇಳಿ, ಸ್ನಾನ ಮಾಡಿ ಬಟ್ಟೆ ತರಲು ಮನೆಗೆ ಬಂದಿದ್ದೆ. ಒಲೆಯ ಮೇಲೆ ಹಾಲಿಟ್ಟಿದ್ದೆ. ನಿಂತಲ್ಲೇ ತೂಕಡಿಕೆ. ಬಾಗಿಲ ಹತ್ತಿರ ಬೂಟಿನ ಸದ್ದಾಯಿತು. ತಿರುಗಿ ನೋಡಿದರೆ ಮೀಸೆ ಸಾಹೇಬರು. ತಲೆಯ ಮೇಲೆ ಟೋಪಿಯಿಲ್ಲ. ಜೀಪು ಬಂದ ಸದ್ದೂ ಕೇಳಿರಲಿಲ್ಲ.

"ಮನೇಲಿ ಇನ್ಯಾರಿದ್ದಾರಮ್ಮಾ?" ಅಂದರು.

"ಯಾರೂ ಇಲ್ಲ."

"ಸ್ವಲ್ಪ ಕೂತ್ಕೊಳ್ಳಿ."

ನಾನು ಒಲೆ ಆರಿಸಿದೆ. ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದೆ. ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತು, "ಹೇಳಿ" ಅಂದೆ.

ಆ ಒಲೆಗೂ ಈ ಕುರ್ಚಿಗೂ ನಡುವೆ ನನ್ನ ಮನಸ್ಸಿಗೆ ಬಂದದ್ದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಆದರೂ ಹೇಳುತ್ತೇನೆ. ಅಬ್ಬಾ, ಮುಗೀತು ಅಂದುಕೊಂಡೆ. ಇವತ್ತು ಚೀಲ ಬದಲಾಯಿಸುವ ಕೆಲಸವಿಲ್ಲ ಅಂದುಕೊಂಡೆ. ಮಲಗಬಹುದು ಅಂದುಕೊಂಡೆ. ಇಷ್ಟು ವರ್ಷ ಜೊತೆಗೆ ಬಾಳಿದ ಗಂಡ ಹೋದರು ಅಂತ ತಿಳಿದ ಹೆಂಗಸಿಗೆ ಮೊದಲು ನೆನಪಾದದ್ದು ಹಾಸಿಗೆ ಮತ್ತು ದಿಂಬು. ಅಳುವುದಿದ್ದರೆ ಒಂದು ನಿದ್ದೆ ತೆಗೆದು ಅತ್ತರಾಯಿತು ಅನ್ನುವಷ್ಟು ಮೈ ಹಗುರಾಗಿತ್ತು.

ಸಾಹೇಬರು ನೆಲ ನೋಡುತ್ತಾ, "ನಾವೆಲ್ಲ ಮಾತಾಡ್ಕೊಂಡಿದ್ದೀವಮ್ಮಾ, ದಿನಕ್ಕೊಬ್ರು ಆಸ್ಪತ್ರೇಲಿ ಇದ್ದು ನೋಡ್ಕೊಳ್ಳೋಣ ಅಂತ. ಅವನು ಒಪ್ತಾನೇ ಇಲ್ಲ. ನೀವೊಂದು ಮಾತು ಹೇಳಿದ್ರೆ..." ಅಂದರು.

"ಯಾರು ಒಪ್ತಾ ಇಲ್ಲ?"

"ಅವನೇ, ನಿಮ್ಮನೆಯವ್ರು."

"ಇದ್ದಾರಾ?"

ಹಾಗೇ ಕೇಳಿದೆ, ಅಂಗಡಿಯವನ ಹತ್ತಿರ ಸಕ್ಕರೆ ಇದೆಯಾ ಅಂತ ಕೇಳಿದ ಹಾಗೆ. ಆಗ ಸಾಹೇಬರಿಗೆ ಹೊಳೆಯಿತು. ಕಂಕುಳಲ್ಲಿದ್ದ ಟೋಪಿ ನೋಡಿಕೊಂಡರು. ಹಾವು ತುಳಿದವರ ಹಾಗೆ ಹಿಂದೆ ಸರಿದರು. ಟೋಪಿಯನ್ನು ತಲೆಗೆ ಹಾಕಿಕೊಂಡರು, ಮತ್ತೆ ತೆಗೆದರು, ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಕೆಳಗೆ ಇಟ್ಟರು. "ಅಯ್ಯೋ ಅಮ್ಮಾ, ನನ್ನ ಬುದ್ಧಿಗಿಷ್ಟು..." ಅಂದರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವರದು ಡ್ಯೂಟಿಯಲ್ಲಿ ಅಂಟಿಕೊಂಡ ಗುಣ, ಅದೂ ಹೋಗದು. ಮನೆ ಬಾಗಿಲು ಕಂಡರೆ ಕೈ ತಾನಾಗೇ ಟೋಪಿಗೆ ಹೋಗುತ್ತದೆ.

ಎಷ್ಟೋ ಮನೆಗಳ ಹೊಸ್ತಿಲಲ್ಲಿ ಅಲುಗದೆ ನಿಂತ ಮನುಷ್ಯ ನನ್ನೆದುರು ಅತ್ತುಬಿಟ್ಟರು. ಮೀಸೆಯೆಲ್ಲ ಒದ್ದೆ. ನಾನೇ ಸಮಾಧಾನ ಮಾಡಿದೆ. "ಹೋಗ್ಲಿ ಬಿಡಿ ಸಾಹೇಬ್ರೇ, ನಿಮ್ಮದೇನೂ ತಪ್ಪಿಲ್ಲ" ಅಂದೆ. ಒಳಗೊಳಗೇ, ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನಿಸುತ್ತಿತ್ತು. ಬದುಕಿರುವವನನ್ನು ಸಾಯಿಸಿದೆನಲ್ಲ ಅಂತ ಅವರಿಗೆ ನಾಚಿಕೆ. ಬದುಕಿದ್ದಾರೆ ಅಂದಾಗ ಮೈ ಮತ್ತೆ ಭಾರವಾಯಿತಲ್ಲ ಅಂತ ನನಗೆ ನಾಚಿಕೆ. ಅವರದು ಅತ್ತರೆ ಹೋಗುವಂಥದ್ದು.

ಮೇಜಿನ ಕೆಳಗಿದ್ದ ಟೋಪಿ ಎತ್ತಿಕೊಟ್ಟು, ಅವರ ಜೀಪಿನಲ್ಲೇ ಆಸ್ಪತ್ರೆಗೆ ಹೊರಟೆ. ದಾರಿಯುದ್ದಕ್ಕೂ "ಅವನಿಗೆ ಹೇಳ್ಬೇಡಿ ಅಮ್ಮಾ" ಅಂತ ಬೇಡಿಕೊಂಡರು. ನಾನು ಯಾಕೆ ಹೇಳಲಿ? ಆದರೆ ಸಾಹೇಬರ ಹೊಟ್ಟೆಯಲ್ಲಿ ಸಾವಿನ ಸುದ್ದಿಯೊಂದು ಬಿಟ್ಟು ಬೇರೇನೂ ನಿಲ್ಲುವುದಿಲ್ಲ. ವಾರ್ಡಿನೊಳಗೆ ಬಂದವರನ್ನು ನೋಡಿ ನಮ್ಮವರು ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡು, "ಬರ್ಬೇಡಿ ಅಂದಿದ್ನಲ್ಲ ಸಾರ್" ಅಂತ ಸಿಡುಕಿದರು. ಆ ಒಂದು ಸಿಡುಕಿಗೆ ಸಾಹೇಬರ ಬಾಯಿಯ ಬೀಗ ಕಳಚಿತು. ನಡೆದದ್ದನ್ನೆಲ್ಲ ಹೇಳಿಬಿಟ್ಟರು.

ನಮ್ಮವರು ನಕ್ಕರು. ಚೀಲದ ಮೇಲೆ ಕೈ ಒತ್ತಿ ಹಿಡಿದು, ಕೆಮ್ಮು ಬರುವವರೆಗೂ ನಕ್ಕರು. ಅವರು ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತೋ.

"ಅಂತೂ ನಮ್ಮನೆಗೂ ಟೋಪಿ ತೆಗೆದು ಹೋದ್ರಾ ಸಾರ್! ಜೀಪು ನಾಲ್ಕು ಮನೆ ಆಚೆ ನಿಲ್ಸಿದ್ರಾ?"

"ನಿಲ್ಸಿದ್ದೆ ಕಣಯ್ಯಾ."

"ಹೊಸ ಡ್ರೈವರ್‌ಗೆ ಚೆನ್ನಾಗೇ ಕಲ್ಸಿದ್ದೀರ. ಇವಳೇನ್ ಮಾಡಿದ್ಲು? ಬಾಯಿ ಬಡ್ಕೊಂಡ್ಲಾ?"

"ಛೆ ಛೆ! ನಿನ್ನ ಹೆಂಡ್ತಿ ಧೈರ್ಯ ಯಾರಿಗೂ ಬರಲ್ಲಯ್ಯಾ. ಒಂದು ಹನಿ ಕಣ್ಣೀರಿಲ್ಲ. ಒಲೆ ಆರ್ಸಿದ್ರು, ಹಾಲಿಗೆ ತಟ್ಟೆ ಮುಚ್ಚಿದ್ರು, ಬಂದು ಕೂತು 'ಹೇಳಿ' ಅಂದ್ರು. ಅಂಥ ಗಟ್ಟಿಗಿತ್ತೀನ ನಾನು ಕಂಡಿಲ್ಲ."

ಪಾಪ, ಹೊಗಳಬೇಕೆಂದೇ ಹೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮವರ ನಗು ನಿಂತಿತು. ನನ್ನ ಕಡೆ ತಿರುಗಿದರು. ಎಷ್ಟೋ ಮನೆಗಳ ಒಳಗೆ ಹೋಗಿ, ಉರಿಯುತ್ತಿದ್ದ ಒಲೆ ಆರಿಸಿ ಬಂದ ಮನುಷ್ಯ ಅದು. ನಾನು ಸ್ಟೂಲಿನ ಮೇಲಿದ್ದ ಟವೆಲ್ ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ತಲೆ ಎತ್ತಲಾಗಲಿಲ್ಲ. ಬೈಯಲಿ, ಈಗಲೇ ಬೈದುಬಿಡಲಿ ಅಂತ ಕಾದೆ.

"ಒಲೆ ಆರ್ಸಿದ್ಯಾ?" ಅಂದರು.

"ಹೂಂ."

ಆಮೇಲೆ ಸಾಹೇಬರಿಗೆ ಕೇಳದ ಹಾಗೆ ಮೆಲ್ಲಗೆ, "ಅಷ್ಟು ಸುಸ್ತಾಗಿದ್ದೀಯೇನೇ?" ಅಂದರು.

ಬೈಗುಳಕ್ಕಾದರೆ ನನ್ನ ಬಾಯಲ್ಲಿ ಯಾವಾಗಲೂ ಒಂದು ಉತ್ತರ ಸಿದ್ಧವಿರುತ್ತದೆ. ಬೆಳಿಗ್ಗೆ ಬಾರದ ಅಳು ಆಗ ಬಂತು. ಅದೂ ಅವರಿಗಾಗಿ ಬಂದದ್ದೋ ನನಗಾಗಿ ಬಂದದ್ದೋ ತಿಳಿಯಲಿಲ್ಲ.

ಅವರು ಹೊದಿಕೆಯನ್ನು ತಾವೇ ಸೊಂಟದವರೆಗೆ ಸರಿಸಿದರು. ಅಂಗಿಯ ಗುಂಡಿ ಬಿಚ್ಚಿದರು. ಕಿವಿ ಕೆಂಪಗಾಗಿತ್ತು. ಗೋಡೆಯ ಕಡೆ ಮುಖ ಮಾಡಿ, "ಸಾರ್, ಇಲ್ಲಿ ಬನ್ನಿ. ಇದು ತುಂಬಿದೆ. ಹೇಗೆ ಬಿಚ್ಚೋದು ಅಂತ ಹೇಳ್ಕೊಡ್ತೀನಿ," ಅಂದರು. ಆಮೇಲೆ ನನಗೆ, "ನೀನು ಮನೆಗೆ ಹೋಗಿ ಮಲಕ್ಕೋ."

ಸಾಹೇಬರು ಟೋಪಿ ತೆಗೆದು ನನ್ನ ಕೈಗೆ ಕೊಟ್ಟು ಅಂಗಿಯ ತೋಳು ಮಡಚಿದರು. ಬೇಡ, ನಾನೇ ಮಾಡ್ತೀನಿ ಅನ್ನಬೇಕಿತ್ತು. ಅನ್ನಲಿಲ್ಲ. ಟೋಪಿಯನ್ನು ಸ್ಟೂಲಿನ ಮೇಲಿಟ್ಟು ಹೊರಟುಬಿಟ್ಟೆ.

ಮನೆಯಲ್ಲಿ ಹಾಲು ಇಟ್ಟ ಹಾಗೇ ಇತ್ತು, ತಣ್ಣಗೆ, ಕೆನೆ ಕಟ್ಟಿಕೊಂಡು. ಬಿಸಿ ಮಾಡೋಣವೆಂದು ಒಲೆಯ ಮುಂದೆ ನಿಂತೆ. ಹಚ್ಚಲು ಕೈ ಏಳಲಿಲ್ಲ. ಹಾಸಿಗೆ ಬಿಡಿಸಿ ಮಲಗಿದೆ. ಇಷ್ಟು ನಾಚಿಕೆ ಹೊತ್ತುಕೊಂಡವಳಿಗೆ ನಿದ್ದೆ ಹೇಗೆ ಬಂದೀತು ಅಂದುಕೊಂಡೆ. ಬಂತು.