ಹಿಂದಿನ ಓಣಿಯ ಬೆಚ್ಚನೆ ಗಾಳಿ

ಅತ್ತಾವರದ ಆ ಸಣ್ಣ ಹೆರಿಗೆ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಆಟಿ ತಿಂಗಳ ಜಡಿಮಳೆಗೂ ಬಟ್ಟೆ ಒಣಗುತ್ತಿತ್ತು. ಸರ್ವರ್ ಕೋಣೆಯ ಐದು ಯಂತ್ರಗಳ ಬಿಸಿಗಾಳಿಯನ್ನು ಗೋಡೆಯ ಫ್ಯಾನು ಅಲ್ಲಿಗೆ ತಳ್ಳುತ್ತಿತ್ತು. ಆ ಕೋಣೆಯನ್ನು ನೋಡಿಕೊಳ್ಳುವ ಆಶಾಲತಾ ಎಂದೋ ಅಲ್ಲೊಂದು ಹಗ್ಗ ಕಟ್ಟಿದ್ದರು. ಪುಟ್ಟ ಪುಟ್ಟ ಅಂಗಿಗಳು ಅದರಲ್ಲಿ ತೂಗುವಾಗ, ಕೂಸುಗಳೇ ನಿದ್ದೆಯಲ್ಲಿ ತೇಲುತ್ತಿರುವಂತೆ ಅವರಿಗೆ ತೋರುತ್ತಿತ್ತು.

ಅಂದು ಇಂಜಿನಿಯರ್ ಅಝರ್ ಹೊಸ ಸರ್ವರ್ ಜೋಡಿಸಿದ. ಲ್ಯಾಬು, ಔಷಧಿ, ಬಿಲ್ಲು, ಸ್ಕ್ಯಾನು, ಸಂಬಳ, ಎಲ್ಲ ಇನ್ನು ಅದೊಂದರಲ್ಲೇ.

ಮೊಮ್ಮಗನ ಬಟ್ಟೆ ಹರವುತ್ತಿದ್ದ ಝೈನಬ್ ಇಣುಕಿ, ಮಗನನ್ನು ಕರೆಯುವಂತೆ ಕೇಳಿದರು. “ಐದರ ಕೆಲಸ ಒಂದರಲ್ಲಿ ಹೇಗೆ ಮೋನೆ?”

“ಕೂಡುಮನೆ ಉಂಟಲ್ಲ ಉಮ್ಮ, ಮೇಲಿನ ಮಾಡು ಒಂದೇ, ಒಳಗೆ ಒಲೆ ಐದು. ಹಾಗೆ. ಹಳೆಯವು ಅರ್ಧ ಹೊತ್ತು ಸುಮ್ಮನೆ ಕೂತು ಕರೆಂಟು ತಿಂತಿದ್ವು.”

“ಐದು ಸೊಸೆಯಂದಿರು ಜಗಳ ಮಾಡುದಿಲ್ವಾ?”

“ಒಬ್ಬಳಿಗೆ ಇನ್ನೊಬ್ಬಳು ಇರುವುದೇ ಗೊತ್ತಿಲ್ಲ.”

“ಹಾಗಾದ್ರೆ ಸ್ವರ್ಗವೇ ಮಾರಾಯ!”

ಹಳೆಯ ಯಂತ್ರಗಳು ಒಂದೊಂದಾಗಿ ಮೌನವಾದವು. ಸಂಜೆ ಝೈನಬ್ ಬಟ್ಟೆ ಮುಟ್ಟಿ ನೋಡಿದರು, ಹಸಿ ಹಸಿ. ಮನೆ ದೂರ, ಬಜಪೆಯಿಂದಲೂ ಆಚೆ. ಮಗುವಿಗೆ ಉಳಿದ ಒಣ ಬಟ್ಟೆ ಮೈಮೇಲಿದ್ದದ್ದೊಂದೇ. “ಗಾಳಿಗೆ ಎಂತ ಆಯ್ತು?” ಎಂದರು, ದೂರುವವರಂತಲ್ಲ.

ಆಶಾಲತಾರಿಗೆ ಕಸಿವಿಸಿಯಾಯಿತು. ಹೊಸದು ಬೇಕೆಂದು ಹಠ ಹಿಡಿದವರು ಅವರೇ. ಎಲ್ಲವನ್ನೂ ಯೋಚಿಸಿದ್ದರು, ಗಾಳಿಯೊಂದನ್ನು ಬಿಟ್ಟು. ತಮ್ಮ ಚೀಲದಲ್ಲಿದ್ದ ಮೆತ್ತನೆಯ ಟವೆಲನ್ನು ಝೈನಬರ ಕೈಗಿಟ್ಟರು. ಬಟ್ಟೆ ಒಣಗಿಸಲು ಸರ್ವರ್ ಓಡಿಸಿ ಎಂದು ಯಾರನ್ನು ಕೇಳುವುದು? ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಝರ್ ಒಳಗೆ ಹೋದ.

ಬೆಳಗ್ಗೆ ಆಶಾಲತಾ ಓಣಿಗೆ ಬಂದಾಗ ಗಾಳಿ ಕೆನ್ನೆಗೆ ಬೆಚ್ಚಗೆ ತಾಗಿತು. ಒಳಗೆ ಎರಡು ಹಳೆಯ ಯಂತ್ರಗಳ ಹಸಿರು ದೀಪ ಮಿನುಗುತ್ತಿತ್ತು.

“ಹೊಸದು ಕೈಕೊಟ್ರೆ ಅಂತ ಇಟ್ಟಿದ್ದೇನೆ ಮೇಡಂ,” ಎಂದ ಅಝರ್.

“ಹಾಗೆ ಇಡುದು ಒಂದು ವಾರಕ್ಕಲ್ವಾ?”

“ಮಳೆಗಾಲದಲ್ಲಿ ಹೊಸದನ್ನು ಅಷ್ಟು ನಂಬ್ಲಿಕ್ಕಾಗುದಿಲ್ಲ. ಸೋಣ ತಿಂಗಳು ಮುಗಿಯಲಿ. ಮ್ಯಾನೇಜರಿಗೂ ಹಾಗೇ ಹೇಳಿದೆ.”

“ಅದರೊಳಗೆ ಈಗ ಎಂತ ಉಂಟು?”

“ಎಂತದೂ ಇಲ್ಲ,” ಅವನು ತಲೆ ತಗ್ಗಿಸಿ ನಕ್ಕ.

ಕೆಲಸವೆಲ್ಲ ಬೇರೆಡೆಗೆ ಹೋದ ಮೇಲೂ ಅವು ಮೆಲ್ಲನೆ ಉಸಿರಾಡುತ್ತಿದ್ದವು. ಹೊರಗೆ ಮಳೆ ಸುರಿಯುತ್ತಿತ್ತು, ಹಗ್ಗದಲ್ಲಿ ಅಂಗಿಗಳು ತೂಗುತ್ತಿದ್ದವು. ಝೈನಬ್ ಒಂದನ್ನು ತೆಗೆದು ತಮ್ಮ ಕೆನ್ನೆಗೊತ್ತಿದರು; ಆಮೇಲೆ ಒಳಗೆ ಬಂದು, ಕೇಳದೆಯೇ, ಅಝರನ ಕೆನ್ನೆಗೆ.

“ನೋಡು ಮೋನೆ, ಎಷ್ಟು ಬಿಸಿ!”